ವಿದೇಶ ವ್ಯಾಸಂಗ: ಬಂದ ಪತ್ರವನ್ನು ನಾವೇ ಓದೋಣ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೊರದೇಶಕ್ಕೆ ಓದಲು ಹೋಗುವವರಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆ ಮತ್ತು ವೀಸಾ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಹೊರದೇಶದಲ್ಲಿ ಓದಿದವಳಲ್ಲ. ಹೋಗಬೇಕೆಂದು ಹೊರಟು, ವೀಸಾ ಸಿಗದೆ ಉಳಿದವಳು. ಆಮೇಲೆ ಗೇಟ್ ಪರೀಕ್ಷೆ ಬರೆದು ಇಲ್ಲಿಯೇ ಎಂ.ಟೆಕ್. ಮಾಡಿದೆ. ಈಗ ರಾಂಜಣಗಾಂವದಲ್ಲಿ ಮನೆ, ಖರಾಡಿಯಲ್ಲಿ ಕೆಲಸ. ಶಿಕ್ರಾಪುರ, ವಾಘೋಲಿಯ ಟ್ರಾಫಿಕ್ ದಾಟಿ ದಿನಾ ಆಫೀಸಿಗೆ ಹೋಗುವುದೇ ನನ್ನ ವಿದೇಶ ಪ್ರವಾಸ!

ನನ್ನ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಬಿ.ಇ. ಮುಗಿದ ಮೇಲೆ, 2011ರಲ್ಲಿ, ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ನನಗೆ ಸೀಟು ಸಿಕ್ಕಿತು. ಅಪ್ಪ ಹೊಲದ ಮೇಲೆ ಸಾಲ ತೆಗೆದರು. ಅವ್ವ ತನ್ನ ಪಾಟ್ಲಿ ಬಿಚ್ಚಿ ಅಡವಿಡಲು ಕೊಟ್ಟಳು. ಅರ್ಜಿ ತುಂಬುವ ಕೆಲಸವನ್ನೆಲ್ಲ ಒಬ್ಬ ಏಜೆಂಟರಿಗೆ ವಹಿಸಿದೆವು. ಎರಡು ತಿಂಗಳಾದ ಮೇಲೆ ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಆಗಲಿಲ್ಲರಿ. ನಿಮ್ಮ ಇಂಗ್ಲಿಷ್ ವೀಕ್ ಬಿತ್ತು. ಕನ್ನಡ ಮೀಡಿಯಂ ಅಲ್ಲೇನ್ರಿ, ಹಂಗಾಗಿ."

ಪಾಸ್‌ಪೋರ್ಟಿನ ಜೊತೆಗೆ ಒಂದು ಪತ್ರವೂ ಬಂತು. ತೆರೆದು ಓದುವ ಧೈರ್ಯ ನನಗಾಗಲಿಲ್ಲ. ಟ್ರಂಕಿನ ತಳಕ್ಕೆ ಹಾಕಿದೆ. ಅವ್ವನ ಪಾಟ್ಲಿ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಆ ಪತ್ರದ ಕಥೆಯನ್ನು ಕೊನೆಗೆ ಹೇಳುತ್ತೇನೆ.

ನನ್ನ ಮನೆಯ ಹತ್ತಿರ ಜತ್ತದ ಕಡೆಯ ಒಂದು ಕುಟುಂಬವಿದೆ. ತಂದೆಗೆ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ, ತಾಯಿ ಮನೆಯಲ್ಲೇ ಖಾನಾವಳಿ ನಡೆಸುತ್ತಾರೆ. ಅವರ ಕೈಯ ಜೋಳದ ರೊಟ್ಟಿಯ ರುಚಿ ಇಲ್ಲಿ ಹಲವರಿಗೆ ಗೊತ್ತು. ಅವರ ಮಗಳು ನಾಲ್ಕನೆಯ ತರಗತಿಯವರೆಗೆ ಊರಲ್ಲಿ ಕನ್ನಡ ಶಾಲೆ, ಆಮೇಲೆ ಇಲ್ಲಿ ಸೆಮಿ ಇಂಗ್ಲಿಷ್, ನಂತರ ಮೆಕ್ಯಾನಿಕಲ್ ಬಿ.ಇ. ಜರ್ಮನಿಯಲ್ಲಿ ಎಂ.ಎಸ್. ಮಾಡಬೇಕೆಂಬ ಆಸೆ ಅವಳದು. ಒಂದು ಸಂಜೆ ತಾಯಿ ನಮ್ಮ ಮನೆಗೆ ಬಂದು, "ಅಕ್ಕಾರ, ಈಕಿ ಪರೀಕ್ಷಾದಾಗ ನಪಾಸ ಆಗ್ಯಾಳಂತ್ರಿ. ಪರೀಕ್ಷಾ ಇಲ್ಲದನ ಕಳಸ್ತೀನಿ, ಇಷ್ಟು ರೊಕ್ಕಾ ಕೊಡ್ರಿ ಅಂತ ಒಬ್ಬಾಂವ ಹೇಳ್ಯಾನ" ಎಂದರು. ಅಂದಿನಿಂದ ನಾವಿಬ್ಬರೂ, ಅಂದರೆ ನಾನು ಮತ್ತು ಆ ಹುಡುಗಿ, ನಿಯಮಗಳನ್ನು ಒಂದೊಂದಾಗಿ ಮೂಲದಲ್ಲೇ ಓದತೊಡಗಿದೆವು. ಅವಳ ಮನೆಯವರ ಒಪ್ಪಿಗೆ ಪಡೆದು, ಆ ಅನುಭವವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು, ಪರೀಕ್ಷೆ. ಐಇಎಲ್‌ಟಿಎಸ್‌ನಲ್ಲಿ ಪಾಸು, ನಪಾಸು ಎಂಬುದೇ ಇಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಎಲ್ಲ ಸೇರಿ ಮೂರು ಗಂಟೆಯ ಒಳಗೆ ಮುಗಿಯುತ್ತದೆ. ಪ್ರತಿ ಭಾಗಕ್ಕೂ 0ಯಿಂದ 9ರವರೆಗೆ ಬ್ಯಾಂಡ್ ಕೊಟ್ಟು, ಸರಾಸರಿಯನ್ನು ಹತ್ತಿರದ ಅರ್ಧ ಬ್ಯಾಂಡಿಗೆ ತರುತ್ತಾರೆ. ಓದಲು ಹೋಗುವವರು ಅಕಾಡೆಮಿಕ್ ಪರೀಕ್ಷೆ ಬರೆಯಬೇಕು. ಜನರಲ್ ಟ್ರೇನಿಂಗ್ ಎಂಬ ಇನ್ನೊಂದು ಬಗೆಯಿದೆ; ಅವಸರದಲ್ಲಿ ಅದಕ್ಕೆ ಹಣ ಕಟ್ಟಿದವರೂ ಇದ್ದಾರೆ. ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ. ಹಾಗಾಗಿ ತೀರಾ ಮೊದಲೇ ಬರೆದಿಡುವುದೂ ಜಾಣತನವಲ್ಲ.

ನಮ್ಮ ಹುಡುಗಿಗೆ ಕೇಳುವುದರಲ್ಲಿ 7, ಓದುವುದರಲ್ಲಿ 6.5, ಮಾತಿನಲ್ಲಿ 6.5, ಬರವಣಿಗೆಯಲ್ಲಿ 5.5 ಬಂದಿತ್ತು. ಒಟ್ಟು 6.5. ವಿಶ್ವವಿದ್ಯಾಲಯ ಕೇಳಿದ್ದೂ 6.5. ಆದರೆ ಯಾವ ಭಾಗವೂ 6ಕ್ಕಿಂತ ಕಡಿಮೆ ಇರಬಾರದು ಎಂದು ಕೆಳಗೆ ಇನ್ನೊಂದು ಸಾಲಿತ್ತು. "ನಪಾಸ" ಎಂದರೆ ಇಷ್ಟೇ! ಒಂದು ಭಾಗದಲ್ಲಿ ಅರ್ಧ ಬ್ಯಾಂಡ್ ಕಡಿಮೆ. ಅದಕ್ಕೆ ಇಡೀ ಮನೆ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಅವಳು ಬರೆದಿದ್ದ ಪ್ರಬಂಧಗಳನ್ನು ತರಿಸಿ ನೋಡಿದೆ. ವ್ಯಾಕರಣದ ತಪ್ಪು ಕಡಿಮೆಯೇ ಇತ್ತು. ಆದರೆ ದೊಡ್ಡ ದೊಡ್ಡ ಪದಗಳನ್ನು ಬಾಯಿಪಾಠ ಮಾಡಿ ತುಂಬಿದ್ದಳು. ಕೇಳಿದ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಆ ಭಾಗದ ಎರಡನೆಯ ಪ್ರಶ್ನೆಗೆ ಕನಿಷ್ಠ 250 ಪದ ಬರೆಯಬೇಕು. ಬೇಕಾಗುವುದು ನಿಮ್ಮ ಅಭಿಪ್ರಾಯ, ಅದಕ್ಕೊಂದು ಕಾರಣ, ಒಂದು ಉದಾಹರಣೆ. ನಾನು ಅವಳಿಗೆ, "ಮೊದಲು ನನ್ನ ಜೊತೆ ಕನ್ನಡದಲ್ಲಿ ಜಗಳ ಮಾಡು, ಆಮೇಲೆ ಇಂಗ್ಲಿಷಿನಲ್ಲಿ ಬರಿ" ಎಂದೆ. ಊರಿನ ಶಾಲೆ ಮುಚ್ಚಬೇಕೋ ಬೇಡವೋ, ಹಳ್ಳಿಗೆ ಕಾರ್ಖಾನೆ ಬಂದರೆ ಒಳ್ಳೆಯದೋ ಕೆಟ್ಟದ್ದೋ, ಕನ್ನಡದಲ್ಲಿ ಅವಳ ವಾದಕ್ಕೆ ನಾನೇ ಸೋಲುತ್ತಿದ್ದೆ. ಅದೇ ವಾದವನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ನಲವತ್ತು ನಿಮಿಷದಲ್ಲಿ ಬರೆಯುವುದು. ಆರು ವಾರ ನಮ್ಮ ಊಟದ ಟೇಬಲ್ಲಿನ ಮೇಲೆ ಇದೇ ನಡೆಯಿತು. ಎರಡನೆಯ ಸಲ ಬರವಣಿಗೆಗೆ 6.5 ಬಂತು.

ಮಾತಿನ ಪರೀಕ್ಷೆಯ ಬಗ್ಗೆ ನಮ್ಮ ಮಕ್ಕಳಿಗೆ ಬಹಳ ಹೆದರಿಕೆ. ಅದು 11ರಿಂದ 14 ನಿಮಿಷದ ಸಂಭಾಷಣೆ ಅಷ್ಟೇ. ಅಮೆರಿಕದವರ ಹಾಗೆ ನಾಲಿಗೆ ತಿರುಗಿಸಬೇಕಾಗಿಲ್ಲ. ತಡವರಿಸದೆ ಹೇಳುತ್ತೀರಾ, ಪದಗಳು ಸಾಕಷ್ಟಿವೆಯಾ, ವ್ಯಾಕರಣ ಸರಿಯಿದೆಯಾ, ಉಚ್ಚಾರ ಅರ್ಥವಾಗುತ್ತದೆಯಾ ಎಂಬ ನಾಲ್ಕೇ ಅಂಶ ನೋಡುತ್ತಾರೆ. ನಮ್ಮ ಕನ್ನಡದ ಧಾಟಿ ಸ್ವಲ್ಪ ಉಳಿದರೆ ಅದೇನೂ ಅಪರಾಧವಲ್ಲ.

ಟೋಫೆಲ್, ಪಿಟಿಇ, ಡ್ಯುಯೊಲಿಂಗೊ ಎಂಬ ಬೇರೆ ಪರೀಕ್ಷೆಗಳೂ ಇವೆ. ಇಲ್ಲೊಂದು ಎಚ್ಚರಿಕೆ. ವಿಶ್ವವಿದ್ಯಾಲಯ ಒಪ್ಪುವುದು ಬೇರೆ, ವೀಸಾ ಕಚೇರಿ ಒಪ್ಪುವುದು ಬೇರೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಡ್ಯುಯೊಲಿಂಗೊ ಅಂಕ ಒಪ್ಪುತ್ತವೆ; ಆಸ್ಟ್ರೇಲಿಯಾದ ವೀಸಾಕ್ಕೆ ಅದು ನಡೆಯುವುದಿಲ್ಲ. ಹಣ ಕಟ್ಟುವ ಮೊದಲು ಎರಡೂ ಕಡೆ ನೋಡಿಕೊಳ್ಳಿ.

ಎರಡನೆಯದು, ಹೆಸರು. ನಗಬೇಡಿ, ನಮ್ಮಂಥವರಿಗೆ ಇದು ದೊಡ್ಡ ತಲೆನೋವು. ಕರ್ನಾಟಕದ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಇನಿಷಿಯಲ್. ಮಹಾರಾಷ್ಟ್ರದಲ್ಲಿ ಮೊದಲು ಅಡ್ಡಹೆಸರು, ಆಮೇಲೆ ನಮ್ಮ ಹೆಸರು, ಆಮೇಲೆ ತಂದೆಯ ಹೆಸರು. ಮದುವೆಯಾದರೆ ಮತ್ತೆ ಬದಲು. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಮನೆ: ಕೊಟ್ಟ ಹೆಸರು, ಅಡ್ಡಹೆಸರು. ಅಡ್ಡಹೆಸರಿನ ಮನೆ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದರ್ಥ! ಬಾರಸಿ ಮಾಡಿ, ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು ಹೀಗಾಗುವುದು ಬೇಡ. ಮಗಳು ಕಾಲೇಜಿನ ಕೊನೆಯ ವರ್ಷಕ್ಕೆ ಬರುವ ಮೊದಲೇ ಪಾಸ್‌ಪೋರ್ಟನ್ನು ಸರಿಮಾಡಿಸಿ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಅಕ್ಷರಶಃ ತುಂಬಿ.

ಮೂರನೆಯದು, ಹಣದ ಪುರಾವೆ. ಒಂದೊಂದು ದೇಶದ ಲೆಕ್ಕ ಒಂದೊಂದು. ಜರ್ಮನಿಗೆ ಹೋಗುವವರು ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. ಈ ಹಣ ಸರ್ಕಾರಕ್ಕೆ ಕೊಡುವ ಶುಲ್ಕವಲ್ಲ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ನಿಮ್ಮ ಮಗಳ ಕೈಗೇ ಬರುತ್ತದೆ. "ಹನ್ನೆರಡು ಲಕ್ಷಾ ಡೊನೇಶನ್ನಂತ್ರಿ" ಎಂದು ಕಾಕು ಗಾಬರಿಯಾಗಿದ್ದರು. ಇದನ್ನು ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಎಂಬ ಪ್ರಮಾಣಪತ್ರವೂ ಕಡ್ಡಾಯವಾಗಿದೆ. ನಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿಯೇ ಎಂದು ಅವರು ಪರಿಶೀಲಿಸಿ ಕೊಡುವ ಪತ್ರವದು. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲು ಅದಕ್ಕೇ ಅರ್ಜಿ ಹಾಕಿ. ಬ್ರಿಟನ್ನಿನ ನಿಯಮ ಬೇರೆ. ಅಲ್ಲಿ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ಒಂದು ದಿನವೂ ಕಡಿಮೆಯಾಗಬಾರದು. ಅಮೆರಿಕದ ವೀಸಾಕ್ಕೆ ಸಂದರ್ಶನವಿದೆ. ಅಲ್ಲಿ, ಓದು ಮುಗಿಸಿ ಮರಳುತ್ತೀರಿ ಎಂದು ಅಧಿಕಾರಿಗೆ ಮನವರಿಕೆ ಮಾಡುವ ಹೊಣೆ ಅರ್ಜಿದಾರರದೇ.

ಈ ಯಾವ ಅಂಕಿಯೂ ಶಾಶ್ವತವಲ್ಲ. ನಾನು ಇಂದು ಹೇಳಿದ್ದನ್ನು ಬರೆದಿಟ್ಟುಕೊಂಡು ಎರಡು ವರ್ಷದ ಮೇಲೆ ಅದನ್ನೇ ನಂಬಬೇಡಿ. ಅರ್ಜಿ ಹಾಕುವ ದಿನ ಆ ದೇಶದ ಸರ್ಕಾರದ ತಾಣವನ್ನೇ ತೆರೆದು ನೋಡಿ.

ನಾಲ್ಕನೆಯದು, ಏಜೆಂಟರು. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಇದ್ದಾರೆ. ಆದರೆ ಅರ್ಜಿಯ ಕೆಳಗೆ ಸಹಿ ನಮ್ಮ ಮಗಳದು. 2023ರಲ್ಲಿ ಕೆನಡಾದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಭಾರತದಿಂದ ಹೋದ ಕೆಲವು ವಿದ್ಯಾರ್ಥಿಗಳ ಪ್ರವೇಶ ಪತ್ರಗಳೇ ನಕಲಿ ಎಂದು ಅವರು ಅಲ್ಲಿ ಓದಿ, ಕೆಲಸಕ್ಕೂ ಸೇರಿದ ಮೇಲೆ ತಿಳಿಯಿತು. ಪತ್ರ ಕೊಟ್ಟವನು ಏಜೆಂಟ್, ಗಡೀಪಾರಿನ ನೋಟಿಸು ಬಂದದ್ದು ಮಕ್ಕಳಿಗೆ. ಸುಳ್ಳು ದಾಖಲೆ ಸಿಕ್ಕರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ, ಬ್ರಿಟನ್ ಹತ್ತು ವರ್ಷದವರೆಗೂ ಮುಚ್ಚಬಹುದು. "ಪರೀಕ್ಷೆ ಇಲ್ಲದೆ ಕಳಿಸುತ್ತೇನೆ" ಎಂದವರಿಗೆ ನಮ್ಮ ಕಾಕು ಕೊನೆಗೆ, "ಬ್ಯಾಡ್ರಿ, ನಮ್ಮ ಹುಡುಗಿ ಬರದ ಹೋಗ್ತಾಳ" ಎಂದು ಹೇಳಿ ಕಳಿಸಿದರು.

ಇಷ್ಟೆಲ್ಲ ನೋಡಿ, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಹೆಸರು ನೆನಪಿಸುತ್ತೇನೆ. ನಮ್ಮ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಲ್ಲಿಯೇ ಪಿಎಚ್‌.ಡಿ. ಮುಗಿಸಿ, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಅಧ್ಯಾಪಕಿಯಾದರು. ಅಂದಿಗೆ ಹೋಲಿಸಿದರೆ ಇಂದು ದಾರಿ ಸುಲಭ. ನಿಯಮಗಳೆಲ್ಲ ನಮ್ಮ ಮೊಬೈಲಿನಲ್ಲೇ ಇವೆ.

ಈಗ ಟ್ರಂಕಿನ ಪತ್ರದ ವಿಷಯ. ಒಂದು ದಿನ ಬರೆಯುತ್ತ ಕುಳಿತಿದ್ದ ಆ ಹುಡುಗಿ, "ಅಕ್ಕಾ, ನೀವ್ಯಾಕ ಹೋಗ್ಲಿಲ್ಲ?" ಎಂದು ಕೇಳಿದಳು. "ನನ್ನ ಇಂಗ್ಲಿಷ್ ಸಾಲಲಿಲ್ಲವಾ" ಎಂದೆ. "ಪತ್ರದಾಗ ಹಂಗ ಬರದಿದ್ರೇನು?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಟ್ರಂಕು ತೆರೆದೆ.

ಎರಡೇ ಹಾಳೆ. ಆಗ ವಿದ್ಯಾರ್ಥಿ ವೀಸಾಕ್ಕೆ 40 ಅಂಕ ಬೇಕಿತ್ತು. ವಿಶ್ವವಿದ್ಯಾಲಯದ ಪ್ರವೇಶಕ್ಕೆ 30, ಹಣಕ್ಕೆ 10. ಇಂಗ್ಲಿಷ್ ಕೂಡ ಆ ಮೂವತ್ತರಲ್ಲೇ ಸೇರಿತ್ತು. ನನಗೆ 30ಕ್ಕೆ 30 ಕೊಟ್ಟಿದ್ದರು. ಹಣಕ್ಕೆ ಸೊನ್ನೆ. ಹಣ 28 ದಿನ ಖಾತೆಯಲ್ಲಿರಬೇಕಿತ್ತು, ನಾವು ಕೊಟ್ಟ ಸ್ಟೇಟ್‌ಮೆಂಟಿನಲ್ಲಿ 26 ದಿನವಷ್ಟೇ ಇತ್ತು. ಇನ್ನೆರಡು ದಿನ ತಡೆದು ಅರ್ಜಿ ಹಾಕಿದ್ದರೆ ಸಾಕಿತ್ತು. ಅಂದೇ ಪತ್ರ ಓದಿದ್ದರೆ, ಮತ್ತೊಮ್ಮೆ ಅರ್ಜಿ ಹಾಕಬಹುದಿತ್ತು.

ಹತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಮೀಟಿಂಗುಗಳಲ್ಲಿ ಬಾಯಿ ತೆರೆಯುವ ಮೊದಲು ವಾಕ್ಯವನ್ನು ಎರಡೆರಡು ಸಲ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದೆ. ನನ್ನ ಕನ್ನಡ ಶಾಲೆಯೇ ನನ್ನನ್ನು ತಡೆಯಿತು ಎಂದು ನಂಬಿದ್ದೆ. ಏಜೆಂಟರು ಲೆಕ್ಕ ತಪ್ಪಿದ್ದು ನಿಜ. ಆದರೆ ಪತ್ರ ನನ್ನ ಹೆಸರಿಗೇ ಬಂದಿತ್ತು. ಓದದೆ ಇಟ್ಟವಳು ನಾನು.

ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡ ದಿನಾನ? ಹಂಗಾರ ನಿನ್ನ ಇಂಗ್ಲಿಷ್ ಚಲೋನ ಇತ್ತಲ್ಲ ತಂಗೀ" ಎಂದರು. ಕನ್ನಡ ಶಾಲೆಯ ಮಾಸ್ತರಾದ ಅವರೂ ಅಷ್ಟು ವರ್ಷ ಅದೇ ಭಾರ ಹೊತ್ತಿದ್ದರು ಎಂದು ನನಗೆ ಅಂದು ಗೊತ್ತಾಯಿತು.

ನಮ್ಮ ಹುಡುಗಿಯ ಎಪಿಎಸ್ ಬಂದಿದೆ. ಶಿಕ್ಷಣ ಸಾಲ ಮಂಜೂರಾಗಿದೆ. ವೀಸಾ ಅರ್ಜಿಗೆ ದಿನ ಗೊತ್ತಾಗಿದೆ. ಏನಾಗುತ್ತದೆಂದು ನಾನು ಹೇಳಲಾರೆ. ಆದರೆ ಪ್ರತಿ ಕಾಗದವನ್ನೂ ಅವಳೇ ಓದಿ ಸಹಿ ಹಾಕಿದ್ದಾಳೆ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ ಓದದೆ ಇಟ್ಟ ಪತ್ರಗಳಿರಬಹುದು. ವೀಸಾದ್ದು, ಬ್ಯಾಂಕಿನದ್ದು, ಕಾಲೇಜಿನದ್ದು. ಹೆದರಿಕೆಯಿಂದ ಮಡಚಿ ಇಡಬೇಡಿ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಪತ್ರ ತನ್ನಿ, ಮಗಳನ್ನೂ ಕರೆತನ್ನಿ. ಚಹಾ ನಾನು ಮಾಡುತ್ತೇನೆ, ಪತ್ರವನ್ನು ಅವಳೇ ಓದಲಿ.