ಮೊದಲ ಸೆಮಿಸ್ಟರ್ ಮತ್ತು ಹೆತ್ತವರ ಆತುರ



ಮಕ್ಕಳನ್ನು ಪದವಿ ತರಗತಿಗೆ ಸೇರಿಸಿದ ದಿನ ನಮ್ಮ ಮನೆಗಳಲ್ಲಿ ಎಷ್ಟು ಸಂಭ್ರಮವಿರುತ್ತದೋ, ಮೊದಲ ಸೆಮಿಸ್ಟರ್‌ನ ಫಲಿತಾಂಶ ಬಂದ ದಿನ ಅಷ್ಟೇ ಮೌನ ಕವಿಯುವುದುಂಟು. ಪಿಯುಸಿಯಲ್ಲಿ ಉತ್ತಮ ಅಂಕ ಪಡೆದಿದ್ದ ಮಗಳು ಎರಡು ವಿಷಯಗಳಲ್ಲಿ ಅನುತ್ತೀರ್ಣಳಾದರೆ, ಇವಳಿಂದಾಗದು, ಇನ್ನು ಮನೆಯಲ್ಲಿರಲಿ ಎಂಬ ತೀರ್ಮಾನ ರಾತ್ರಿಯ ಊಟ ಮುಗಿಯುವ ಮುನ್ನವೇ ಹೊರಬೀಳುತ್ತದೆ. ಮಗನಾದರೆ ಗಲ್ಫಿನ ವೀಸಾ ನೆನಪಾಗುತ್ತದೆ. ಈ ಆತುರದ ಕುರಿತೇ ನಾನಿಂದು ಮಾತನಾಡಬಯಸುತ್ತೇನೆ.

ಆ ಮಗು ಎಡವಿದ್ದೆಲ್ಲಿ? ಹನ್ನೆರಡು ವರ್ಷ ಕನ್ನಡದಲ್ಲೋ ಉರ್ದುವಿನಲ್ಲೋ ಕಲಿತ ಹುಡುಗಿಗೆ 'ಸವಕಳಿ' ಎಂದರೆ ಲೆಕ್ಕ ಗೊತ್ತು. ಉಪನ್ಯಾಸಕರು 'ಡಿಪ್ರಿಸಿಯೇಷನ್' ಎಂದಾಗ ಅದೇ ಲೆಕ್ಕ ಅಪರಿಚಿತವಾಗುತ್ತದೆ. ಪಿಯುಸಿಯ ತನಕ ನೋಟ್ಸ್ ಬರೆಯಿಸುತ್ತಿದ್ದರು. ಇಲ್ಲಿ ಕೇಳಿ, ಆಯ್ದು, ತಾನೇ ಬರೆದುಕೊಳ್ಳಬೇಕು. ಹಾಜರಾತಿ, ಆಂತರಿಕ ಅಂಕ, ವರ್ಷಕ್ಕೆರಡು ಸೆಮಿಸ್ಟರ್ ಪರೀಕ್ಷೆ ಎಲ್ಲವೂ ಹೊಸತು. ಇದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಮೊದಲ ಪರೀಕ್ಷೆ ಮುಗಿದಿರುತ್ತದೆ. ಅದು ಬುದ್ಧಿಶಕ್ತಿಯ ಕೊರತೆಯಲ್ಲ. ಆ ವರ್ಷ ವ್ಯರ್ಥವಾಗುವುದೂ ಇಲ್ಲ. ನಮ್ಮ ರಾಜ್ಯದ ಹೆಚ್ಚಿನ ವಿಶ್ವವಿದ್ಯಾನಿಲಯಗಳ ಬಿ.ಎ., ಬಿ.ಕಾಂ. ತರಗತಿಗಳಲ್ಲಿ ಬಾಕಿ ವಿಷಯವನ್ನಿಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಕಲಾ ವಿಭಾಗದಲ್ಲಿ ಕನ್ನಡದಲ್ಲೇ ಉತ್ತರಿಸಲು ಅನೇಕ ಕಡೆ ಅವಕಾಶವಿದೆ. (ಇದನ್ನು ಕಾಲೇಜಿನಲ್ಲಿ ವಿಚಾರಿಸುವವರೇ ಕಡಿಮೆ.)

2022ರ ಫೆಬ್ರವರಿಯ ಸಮವಸ್ತ್ರ ಆದೇಶದಿಂದ ವಿದ್ಯಾರ್ಥಿನಿಯರು ತರಗತಿಯ ಹೊರಗುಳಿಯಬೇಕಾಗಿ ಬಂದಾಗ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಂದು ಅಂಕಪಟ್ಟಿಯ ನೆಪದಲ್ಲಿ ನಾವೇ ಮಗಳನ್ನು ಹೊರಗಿರಿಸಿದರೆ ಅವಳು ಯಾವ ಕೋರ್ಟಿಗೆ ಹೋಗಬೇಕು?

ಈ ಆತುರಕ್ಕೆ ಇನ್ನೊಂದು ಅಪಾಯಕಾರಿ ಮುಖವಿದೆ. ಹೇಳಿದರೆ ಓದು ನಿಲ್ಲಿಸುತ್ತಾರೆಂಬ ಭಯದಿಂದ ಮಕ್ಕಳು ಹಾಸ್ಟೆಲಿನ ಕಷ್ಟಗಳನ್ನು ಬಚ್ಚಿಡುತ್ತಾರೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿ ಅಮನ್ ಕಚ್ರೂ ಹಿರಿಯ ವಿದ್ಯಾರ್ಥಿಗಳ ಹಲ್ಲೆಗೆ ಬಲಿಯಾದ. ಅದೇ ವರ್ಷ ಯುಜಿಸಿ ರ‍್ಯಾಗಿಂಗ್ ವಿರುದ್ಧ ಕಠಿಣ ನಿಯಮ ತಂದಿತು. 1800-180-5522 ಸಂಖ್ಯೆಯ ಉಚಿತ ಸಹಾಯವಾಣಿಯೂ ಇದೆ. ಆದರೆ ಮನೆಗೇ ಹೇಳಲಾರದ ಹುಡುಗ ಸಹಾಯವಾಣಿಗೆ ಹೇಳಿಯಾನೇ? ವಾರಕ್ಕೊಮ್ಮೆ ಫೋನಿಸುವಾಗ ಅಂಕದ ಮಾತನ್ನು ಬದಿಗಿಡಿ. ಕೋಣೆಯಲ್ಲಿ ಜೊತೆಗಾರರಾರು, ಊಟ ಹೇಗಿದೆ, ಯಾವ ಉಪನ್ಯಾಸಕರ ಪಾಠ ಅರ್ಥವಾಗುತ್ತದೆ, ಯಾರದು ಆಗುವುದಿಲ್ಲ ಎಂದು ಕೇಳಿ. ಉತ್ತರ ತಡವಾದರೆ ಒಮ್ಮೆ ಬಸ್ಸು ಹತ್ತಿ ಹೋಗಿ ನೋಡಿ. ಹೋದಾಗ ಕಾಲೇಜಿನ ಸೂಚನಾ ಫಲಕದಲ್ಲಿ ಬಾಕಿ ವಿಷಯಗಳ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನೂ ಬರೆದುಕೊಳ್ಳಿ.