ಊಟವಾಯಿತೇ?



ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಹಳೆಯ ಸ್ನೇಹಿತರೊಬ್ಬರು ಬೆಂಗಳೂರಿನಿಂದ ಬಂದಿದ್ದರು. ಉಡುಪಿಯ ಬಸ್ ನಿಲ್ದಾಣದಲ್ಲಿ ಇಳಿದವರೇ ಅವರು ಕೇಳಿದ ಮೊದಲ ಪ್ರಶ್ನೆ: “ಇಲ್ಲಿ ಒಳ್ಳೆಯ ಉಡುಪಿ ಹೋಟೆಲು ಎಲ್ಲಿದೆ?”

ನಾನು ನಕ್ಕುಬಿಟ್ಟೆ. ಕಾಶಿಯಲ್ಲಿ ನಿಂತು ಗಂಗೆ ಎಲ್ಲಿದೆ ಎಂದು ಕೇಳಿದಂತಾಯಿತು. ಆದರೆ ಆಮೇಲೆ ಯೋಚಿಸಿದಾಗ ಪ್ರಶ್ನೆ ಅಷ್ಟೇನೂ ಹಾಸ್ಯಾಸ್ಪದವಲ್ಲವೆಂದು ತೋರಿತು. ಮುಂಬಯಿಯಲ್ಲಾಗಲಿ, ಚೆನ್ನೈಯಲ್ಲಾಗಲಿ, ದೆಹಲಿಯಲ್ಲಾಗಲಿ ಫಲಕದ ಮೇಲೆ ‘ಉಡುಪಿ’ ಎಂಬ ಮೂರಕ್ಷರ ಕಂಡರೆ ಸಾಕು, ಒಳಗೆ ಇಡ್ಲಿ ಬಿಸಿಯಾಗಿರುತ್ತದೆ, ಲೋಟ ತೊಳೆದದ್ದಾಗಿರುತ್ತದೆ, ಜೇಬಿಗೆ ಭಾರವಾಗುವುದಿಲ್ಲ ಎಂಬ ಭರವಸೆ ಹುಟ್ಟುತ್ತದೆ. ಆ ಭರವಸೆಯ ತವರನ್ನು ನೋಡಬೇಕೆಂದು ಅವರು ಬಂದಿದ್ದರು. ಎರಡು ದಿನ ಉಡುಪಿ, ಮಣಿಪಾಲ, ಕಾಪು ಸುತ್ತಿ, ಕೊನೆಗೆ ಕಾರ್ಕಳದ ನಮ್ಮ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಮನೆಯಲ್ಲಿ ಅಡುಗೆ ಬೇಡ, ಹೋಟೆಲುಗಳಲ್ಲೇ ಉಣ್ಣೋಣ ಎಂಬುದು ಅವರ ಷರತ್ತು. ಆ ಎರಡು ದಿನಗಳ ಊಟದ ನೆಪದಲ್ಲಿ ನನ್ನ ಮನಸ್ಸಿನಲ್ಲಿ ಎದ್ದ ಕೆಲವು ವಿಚಾರಗಳನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ರಥಬೀದಿಗೇ ಹೋದೆವು. ಉಡುಪಿಯ ರುಚಿಯ ಮೂಲವಿರುವುದು ದೇವರ ಅಡುಗೆಮನೆಯಲ್ಲಿ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜೆಯ ಹೊಣೆಯನ್ನು ಎಂಟು ಮಠಗಳಿಗೆ ವಹಿಸಿದರು. ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಪರ್ಯಾಯದ ಅವಧಿಯನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಪರ್ಯಾಯವೆಂದರೆ ಪೂಜೆಯಷ್ಟೇ ಅಲ್ಲ, ಬಂದವರಿಗೆಲ್ಲ ಅನ್ನವಿಕ್ಕುವ ಹೊಣೆಯೂ ಹೌದು. ನೂರಾರು, ಸಾವಿರಾರು ಮಂದಿಗೆ ಹದ ತಪ್ಪದಂತೆ, ಈರುಳ್ಳಿ ಬೆಳ್ಳುಳ್ಳಿಯ ಸಹಾಯವಿಲ್ಲದೆ, ತೆಂಗಿನಕಾಯಿ, ಕೊತ್ತಂಬರಿ, ಮೆಣಸು, ಇಂಗುಗಳಿಂದಲೇ ರುಚಿ ಹುಟ್ಟಿಸುವ ವಿದ್ಯೆಯನ್ನು ಈ ಊರಿನ ಅಡುಗೆಯವರು ತಲೆಮಾರುಗಳಿಂದ ಕಲಿತಿದ್ದರು.

ಆ ವಿದ್ಯೆಯನ್ನು ಘಟ್ಟದ ಆಚೆಗೆ ಒಯ್ದದ್ದು ಬಡತನ. ಮಳೆ ಧಾರಾಳವಾಗಿದ್ದರೂ ಹೊಲ ಸಣ್ಣದು, ಮನೆಯಲ್ಲಿ ಮಕ್ಕಳು ಹೆಚ್ಚು, ಊರಿನಲ್ಲಿ ಉದ್ಯೋಗ ಕಡಿಮೆ. ಕೋಟದ ಬಳಿಯ ಪಾರಂಪಳ್ಳಿಯಿಂದ ಹೊರಟ ಯಜ್ಞನಾರಾಯಣ ಮಯ್ಯರು ಮತ್ತು ಅವರ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ‘ಬ್ರಾಹ್ಮಣ ಕಾಫಿ ಕ್ಲಬ್’ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಮೇಲೆ ಬಂದು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಅವರ ಹೆಸರಿನೊಂದಿಗೆ ಸೇರಿದ, ಕಾರಿನಲ್ಲೇ ಕುಳಿತು ತಿನ್ನಬಹುದಾಗಿದ್ದ ಡ್ರೈವ್-ಇನ್ ಹೋಟೆಲು 1962ರಲ್ಲಿ ತೆರೆದು 2008ರಲ್ಲಿ ಮುಚ್ಚಿತು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆ ಎಲೆಯ ಊಟಕ್ಕೆ ಜನ ಸಾಲುಗಟ್ಟಿದರು.

ಇವನ್ನೆಲ್ಲ ನಾನು ಸ್ನೇಹಿತರಿಗೆ ಹೇಳುತ್ತಿದ್ದುದು ‘ಮಿತ್ರ ಸಮಾಜ’ದ ಬೆಂಚಿನಲ್ಲಿ ಕುಳಿತು. ರಥಬೀದಿಯ ಈ ಹಳೆಯ ಹೋಟೆಲಿನ ಹೆಸರೇ ನನಗೆ ಅಚ್ಚುಮೆಚ್ಚು. ಮಾಣಿ ಗೋಳಿಬಜೆ ತಂದಿಟ್ಟ. ಹುಳಿಮೊಸರಿನಲ್ಲಿ ಕಲಸಿ ನೆನೆಯಿಟ್ಟ ಮೈದಾಹಿಟ್ಟು, ಶುಂಠಿ, ಹಸಿಮೆಣಸು, ಕೊಬ್ಬರಿಯ ಚೂರು. ಬಾಣಲೆಗೆ ಬಿಟ್ಟರೆ ಗೋಲಿಯಂತೆ ಉಬ್ಬುತ್ತದೆ. ಬಳಿಕ ಬನ್ಸ್ ಬಂತು. ಬನ್ಸೆಂದರೆ ಬೇಕರಿಯ ಬನ್ನು ಎಂದು ತಿಳಿದಿದ್ದ ಸ್ನೇಹಿತರು ಉಬ್ಬಿದ ಕಂದುಬಣ್ಣದ ಪೂರಿಯನ್ನು ಕಂಡು, “ಇದು ಬೇರೆಯವರ ಆರ್ಡರು” ಎಂದರು. ಕಳಿತ ಬಾಳೆಹಣ್ಣನ್ನು ಸಕ್ಕರೆ, ಮೊಸರಿನೊಂದಿಗೆ ಹಿಟ್ಟಿಗೆ ನಾದಿ, ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಕರಿದದ್ದು ಎಂದು ವಿವರಿಸಿದೆ. ವಿವರಣೆ ಮುಗಿಯುವ ಮೊದಲೇ ತಟ್ಟೆ ಖಾಲಿಯಾಗಿತ್ತು.

ನಮ್ಮ ಮೇಜಿನಲ್ಲೇ ಎದುರಿಗೆ ಇನ್ನಿಬ್ಬರು ಕುಳಿತಿದ್ದರು. ಒಬ್ಬರು ದೇವರ ದರ್ಶನ ಮುಗಿಸಿ ಬಂದ ವೃದ್ಧರು, ಇನ್ನೊಬ್ಬ ಖಾಕಿ ಅಂಗಿಯ ಆಟೋ ಚಾಲಕ. ಯಾರು ಯಾರನ್ನೂ ಕುಲಗೋತ್ರ ಕೇಳಲಿಲ್ಲ. ಇಂದು ನಮಗೆ ಇದು ಗಮನಿಸತಕ್ಕ ಸಂಗತಿಯೇ ಅಲ್ಲ. ನನಗೆ ಮಾತ್ರ ನಮ್ಮ ತಂದೆಯವರ ನೆನಪಾಯಿತು.

ಸ್ವಾತಂತ್ರ್ಯಕ್ಕೆ ಮೊದಲಿನ ಮಾತು. ತಂದೆಯವರು ಗೇಣಿಯ ವ್ಯಾಜ್ಯವೊಂದಕ್ಕಾಗಿ ಪೇಟೆಗೆ ನಡೆದುಹೋಗುತ್ತಿದ್ದರು. ಅಲ್ಲಿನ ಹೋಟೆಲೊಂದರಲ್ಲಿ ಅವರಿಗೆ ಒಳಗೆ ಪ್ರವೇಶವಿರಲಿಲ್ಲ. ಹೊರಜಗಲಿಯ ಮೂಲೆಯಲ್ಲಿ ಬೇರೆಯೇ ಲೋಟಗಳಿದ್ದವು. ಕಾಫಿಯನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಕುಡಿದಾದ ಮೇಲೆ ತಾವೇ ತೊಳೆದು ಕವುಚಿಟ್ಟು ಬರಬೇಕು. ದುಡ್ಡು ಮಾತ್ರ ಒಳಗೆ ಕುಳಿತವರಷ್ಟೇ. “ಕಾಫಿ ಚೆನ್ನಾಗಿಯೇ ಇರುತ್ತಿತ್ತು ಮಗಾ, ಆದರೆ ಬಾಯಾರಿಕೆ ಹೋಗುತ್ತಿರಲಿಲ್ಲ” ಎಂದು ಅವರು ಹೇಳುತ್ತಿದ್ದರು. ಅಂಥ ಜಗಲಿಗಳು ಆಗ ಊರೂರಿನಲ್ಲೂ ಇದ್ದವು. ಮೇಲೆ ಹೇಳಿದ ಕಾಫಿ ಕ್ಲಬ್ಬಿನ ಹೆಸರೇ ಆ ಕಾಲದ ಗಿರಾಕಿ ಯಾವುದನ್ನು ಮೊದಲು ವಿಚಾರಿಸುತ್ತಿದ್ದನೆಂಬುದನ್ನು ತಿಳಿಸುತ್ತದೆ.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯನ್ನು ತಾವು ಒಮ್ಮೆ ಓದಬೇಕು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನೂ ಅಲ್ಲಿ ಹೆಸರೆತ್ತಿ ಹೇಳಿದೆ; ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದು. ದೇಶದ ಮೂಲಶಾಸನವನ್ನು ಬರೆದವರು ಒಂದು ಲೋಟ ಕಾಫಿಯ ವಿಷಯವನ್ನು ಸಣ್ಣದೆಂದು ಬಗೆಯಲಿಲ್ಲ. ಮಠ ದೇಗುಲಗಳ ಪಂಕ್ತಿಯ ಚರ್ಚೆ ನಮ್ಮ ಕಾಲದವರೆಗೂ ನಡೆದುಬಂದಿದೆ. ಹೋಟೆಲಿನ ಬೆಂಚು ಮಾತ್ರ ಅದಕ್ಕಿಂತ ಬೇಗ ಬದಲಾಯಿತು. ಶಾಸನದೊಂದಿಗೆ ಬಸ್ಸು, ಕಚೇರಿ, ಕಾಲೇಜುಗಳೂ ಅದಕ್ಕೆ ನೆರವಾದವು. ಹಸಿದು ಬಂದ ಹತ್ತೂರಿನ ಜನರನ್ನು ಬೇರೆ ಬೇರೆ ಕೂರಿಸುತ್ತ ಯಾವ ಯಜಮಾನನೂ ಹೆಚ್ಚು ಕಾಲ ವ್ಯಾಪಾರ ಮಾಡಲಾರ.

ಮಧ್ಯಾಹ್ನದ ಹೊತ್ತಿಗೆ ಐದು ಕಿಲೋಮೀಟರು ದೂರದ ಮಣಿಪಾಲದ ಗುಡ್ಡವನ್ನು ಏರಿದೆವು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ವೈದ್ಯಕೀಯ ಕಾಲೇಜು ತೆರೆದಾಗ ಅದೊಂದು ಬೋಳುಗುಡ್ಡವಾಗಿತ್ತೆಂದು ಹಿರಿಯರು ಹೇಳುತ್ತಾರೆ. ಇಂದು ಅಲ್ಲಿ ಪರೋಟ, ನೂಡಲ್ಸ್, ಮೋಮೊ ಎಲ್ಲವೂ ಇವೆ. ಪಕ್ಕದ ಮೇಜಿನಲ್ಲಿ ನಾಲ್ಕು ಭಾಷೆಗಳು ಒಟ್ಟಿಗೆ ಕೇಳಿಸುತ್ತವೆ. ಉತ್ತರದ ಕಡೆಯ ವಿದ್ಯಾರ್ಥಿನಿಯೊಬ್ಬಳು ನಮ್ಮೂರಿನ ಸಾಂಬಾರು ಸಿಹಿಯಾಯಿತೆಂದು ಮುಖ ಕಿವಿಚಿ, ಅದನ್ನೇ ಎರಡನೆಯ ಸಲ ಹಾಕಿಸಿಕೊಂಡಳು. ಪೈಯವರು ಸಹಸಂಸ್ಥಾಪಕರಾಗಿ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಆದರೆ 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯನ್ನು ಇಲ್ಲಿನ ಸಣ್ಣ ಹೋಟೆಲಿನವರು ಮರೆಯಲಾರರು. ದಿನಕ್ಕೆ ಎರಡಾಣೆಯಾದರೂ ಸರಿ, ಸಂಗ್ರಹಿಸುವವನು ಬಾಗಿಲಿಗೇ ಬರುತ್ತಿದ್ದ. ಗಲ್ಲಾಪೆಟ್ಟಿಗೆಯ ಚಿಲ್ಲರೆ ಹಾಗೆ ಮಗಳ ಮದುವೆಯಾಗಿ, ಮಗನ ಶಾಲೆಯಾಗಿ ಮಾರ್ಪಟ್ಟಿತು.

ಮರುದಿನ ಕಾಪುವಿಗೆ ಹೊರಟೆವು. ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹದಿಮೂರು ಕಿಲೋಮೀಟರು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭವನ್ನು ನೋಡಿ ಬರುವಾಗ ಹಸಿವು ಜೋರಾಗಿತ್ತು. ಜಗತ್ತಿಗೆ ಉಡುಪಿಯೆಂದರೆ ಸಸ್ಯಾಹಾರ. ಆದರೆ ಕರಾವಳಿಯ ಬಹುಮಂದಿಯ ನಿತ್ಯದ ಊಟ ಕುಚ್ಚಲಕ್ಕಿ ಅನ್ನ ಮತ್ತು ಮೀನಿನ ಗಸಿ. ಕಾಪುವಿನ ಹೋಟೆಲಿನಲ್ಲಿ ಆ ಊಟ ಬಂತು: ಆವಿಯಾಡುವ ಕೆಂಪು ಅನ್ನ, ಬಂಗುಡೆಯ ಪುಳಿಮುಂಚಿ, ಕಾದ ಕಾವಲಿಯಿಂದ ಇಳಿದ ಭೂತಾಯಿ. ಜೂನ್, ಜುಲೈ ತಿಂಗಳುಗಳ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಯಿಡುವ ಕಾಲ. ಆ ಬಿಡುವು ಕಳೆದ ಮೇಲಿನ ಮೀನಾದುದರಿಂದ ರುಚಿ ಹೆಚ್ಚಿತ್ತು. ಸಸ್ಯಾಹಾರಿಗಳಾದ ನನ್ನ ಸ್ನೇಹಿತರು ಅದೇ ಮೇಜಿನಲ್ಲಿ ಅನ್ನ, ಸಾರು, ಹತ್ತಿರದ ಮಟ್ಟು ಗ್ರಾಮದ ಗುಳ್ಳದ ಪಲ್ಯ ತರಿಸಿಕೊಂಡು ಉಂಡರು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬದನೆ ಅದು. ನನ್ನ ತಟ್ಟೆಯಿಂದ ಅವರು ದೂರ ಸರಿಯಲಿಲ್ಲ, ನಾನೂ ಸಂಕೋಚಪಡಲಿಲ್ಲ.

ಸಂಜೆಗೆ ಕಾರ್ಕಳ. 1432ರಲ್ಲಿ ನಿಂತ ನಲವತ್ತೆರಡು ಅಡಿಯ ಗೊಮ್ಮಟ ಬೆಟ್ಟದ ಮೇಲಿದ್ದಾನೆ. ಜನವರಿ ಬಂದರೆ ಅತ್ತೂರಿನ ಇಗರ್ಜಿಯ ಜಾತ್ರೆಗೆ ಎಲ್ಲ ಮತದವರೂ ಸೇರುತ್ತಾರೆ. ಇಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಮರುದಿನ ಮಧ್ಯಾಹ್ನ ಬಸ್ ನಿಲ್ದಾಣದ ಬಳಿಯ ಸಣ್ಣ ಹೋಟೆಲಿಗೆ ನಮ್ಮೊಂದಿಗೆ ನನ್ನ ಅಣ್ಣನೂ ಬಂದ.

ಅಣ್ಣನ ವಿಷಯ ಹೇಳದೆ ಈ ಮಾತು ಪೂರ್ಣವಾಗದು. 1957ರಲ್ಲಿ ಅವನು ಹನ್ನೆರಡು ವರ್ಷದ ಹುಡುಗ. ಊರಿನವರೊಬ್ಬರ ಹಿಂದೆ ಬಸ್ಸಿನಲ್ಲಿ ಘಟ್ಟ ಹತ್ತಿ, ರೈಲು ಹಿಡಿದು ಮುಂಬಯಿ ಸೇರಿದ. ಕೊಂಕಣ ರೈಲಿನ ಹಳಿ ಪೂರ್ತಿಯಾಗಲು 1998 ಬರಬೇಕಾಗಿತ್ತು. ಹೋಟೆಲೊಂದರಲ್ಲಿ ತಟ್ಟೆ ಲೋಟ ತೊಳೆಯುವ ಕೆಲಸ. ರಾತ್ರಿ ಬೆಂಚುಗಳನ್ನು ಜೋಡಿಸಿ ಅದರ ಮೇಲೇ ನಿದ್ರೆ. ಮುಂಬಯಿಯ ಕನ್ನಡಿಗರು ಇಂಥ ಹುಡುಗರಿಗಾಗಿಯೇ ನಡೆಸುತ್ತಿದ್ದ ರಾತ್ರಿಶಾಲೆಗೆ ಎರಡು ವರ್ಷ ಹೋದ. ಮೇಜಿನ ಕೆಲಸಕ್ಕೆ ಬಡ್ತಿ ದೊರೆತ ಮೇಲೆ ಅದೂ ನಿಂತಿತು. ತಿಂಗಳು ತಿಂಗಳು ಅವನಿಂದ ಹದಿನೈದು ರೂಪಾಯಿ ಮನಿಯಾರ್ಡರು ಬರುತ್ತಿತ್ತು. ನನ್ನ ಶಾಲೆಯ ಫೀಸು, ಪುಸ್ತಕ, ಮುಂದೆ ಕಾಲೇಜು ಎಲ್ಲವೂ ಆ ಹಣದಿಂದ. ಯಾವ ಬೆಂಚಿನ ಮೇಲೆ ಕೂರುವ ಹಕ್ಕು ತಂದೆಯವರಿಗೆ ಇರಲಿಲ್ಲವೋ ಅಂಥ ಬೆಂಚನ್ನು ಒರೆಸುತ್ತ ಅವರ ಹಿರಿಯ ಮಗ ನನ್ನನ್ನು ಓದಿಸಿದ.

ಹೋಟೆಲು, ಚಹಾದಂಗಡಿಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ಆಜ್ಞೆ ದೇಶದಲ್ಲಿ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಪತ್ರಿಕೆಯಲ್ಲಿ ಅದನ್ನು ಓದಿ ನಾನು ಅಣ್ಣನಿಗೆ ಸಂತೋಷದಿಂದ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಳ್ಳೆಯದಾಯಿತು. ಐವತ್ತು ವರ್ಷ ಮೊದಲೇ ಬಂದಿದ್ದರೆ ನಾನು ಶಾಲೆಗೆ ಹೋಗುತ್ತಿದ್ದೆ. ನೀನು ಹೋಗುತ್ತಿದ್ದೆಯೋ ಇಲ್ಲವೋ ಹೇಳಲಾರೆ” ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಕಾನೂನು ಸರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹುಡುಗನನ್ನು ಹೋಟೆಲಿನಿಂದ ಹೊರಗೆ ತಂದರೆ ಸಾಲದು, ಅವನು ಕಳುಹಿಸುತ್ತಿದ್ದ ಹದಿನೈದು ರೂಪಾಯಿಯ ದಾರಿ ಕಾಯುವ ಮನೆಯನ್ನೂ ನೋಡಬೇಕೆಂಬುದು ಅವನ ಮಾತಿನಿಂದ ನನಗೆ ತಿಳಿಯಿತು.

ಆ ದಿನ ಊಟ ಮುಗಿದಾಗ ಅಣ್ಣ ಎಂದಿನಂತೆ ನಮ್ಮ ಲೋಟಗಳನ್ನೆಲ್ಲ ಒಂದು ಕಡೆ ಜೋಡಿಸಿ, ಚೆಲ್ಲಿದ ಅನ್ನದ ಅಗುಳನ್ನು ತನ್ನ ತಟ್ಟೆಗೆ ಹಾಕಿಕೊಂಡ. ಎಂಬತ್ತರ ಹತ್ತಿರ ಬಂದರೂ ಕೈಗೆ ಆ ಅಭ್ಯಾಸ ಹೋಗಿಲ್ಲ. ಬಡಿಸುತ್ತಿದ್ದ ಯುವಕ ಒಡಿಶಾದವನು, ಇಪ್ಪತ್ತು ದಾಟಿರಬಹುದು. ಒಂದು ಕಾಲಕ್ಕೆ ನಮ್ಮ ಹುಡುಗರು ಹೊರಗೆ ಹೋದರು. ಈಗ ಹೊರಗಿನ ಹುಡುಗರು ನಮ್ಮಲ್ಲಿಗೆ ಬರುತ್ತಿದ್ದಾರೆ. ಅಣ್ಣ ತನ್ನ ಮುಂಬಯಿ ಹಿಂದಿಯಲ್ಲಿ ಅವನನ್ನು ಕೇಳಿದ: “ಖಾನಾ ಖಾಯಾ ಕ್ಯಾ?” ಹುಡುಗ ಚಕಿತನಾಗಿ ನಿಂತ. ಗಿರಾಕಿಗಳು ಕೇಳುವ ಪ್ರಶ್ನೆ ಅದಾಗಿರಲಿಲ್ಲ. ಆಮೇಲೆ ನಗುತ್ತ, ಇನ್ನೂ ಇಲ್ಲ, ಮೂರು ಗಂಟೆಗೆ ಎಂದ. ಆಗ ಗಡಿಯಾರದಲ್ಲಿ ಒಂದೂವರೆ.

ನನ್ನ ಸ್ನೇಹಿತರು ಫೋನಿನಿಂದಲೇ ಹಣ ಪಾವತಿ ಮಾಡಿದರು. ಹೊರಗೆ ಬಂದ ಮೇಲೆ, “ನೀವು ತೋರಿಸಿದ ಹೋಟೆಲುಗಳಲ್ಲಿ ಇದೇ ನಿಜವಾದ ಉಡುಪಿ ಹೋಟೆಲು” ಎಂದರು. ಅಲ್ಲಿನ ಸಾರು ಬಹಳ ಸಾಧಾರಣವಾಗಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನಮ್ಮ ಸೀಮೆಯಲ್ಲಿ ಇಬ್ಬರು ದಾರಿಯಲ್ಲಿ ಎದುರಾದರೆ ಮೊದಲು ಕೇಳುವ ಮಾತು ‘ಊಟವಾಯಿತೇ?’ ಎಂದು; ತುಳುವಿನಲ್ಲಿ ‘ವನಸ್ ಆಂಡಾ?’ ಎಂದು. ಬೀದಿಯಲ್ಲಿ ಆ ಪ್ರಶ್ನೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ನಮಗೆ ಬಡಿಸಿದವನನ್ನು ಕೇಳಿದ್ದು ಅಪರೂಪ. ಮುಂದಿನ ಸಲ ತಾವು ಹೋಟೆಲಿಗೆ ಹೋದಾಗ ಒಮ್ಮೆ ಕೇಳಿ ನೋಡಬೇಕೆಂದು ಕೋರುತ್ತೇನೆ.