ಬೆರೋಯದವರ ಕುಲೀನತೆ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಧ್ಯಾನಕೂಟದ ಎರಡನೆಯ ಸಂಜೆ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ಈ ದೇವಾಲಯದ ಅಸ್ತಿಭಾರಕ್ಕೆ ಕಲ್ಲು ಹೊತ್ತ ನಮ್ಮ ಪೂರ್ವಜರನ್ನು ನಿನ್ನೆಯ ಸಂಜೆ ನೆನೆದು ಪ್ರಾರ್ಥಿಸಿದೆವು. ಅವರಲ್ಲಿ ಬಹುಮಂದಿಗೆ ಅಕ್ಷರಜ್ಞಾನವಿರಲಿಲ್ಲ. ಬಲಿಪೂಜೆಯಲ್ಲಿ ಗುರುಗಳು ಶ್ರೀಗ್ರಂಥವನ್ನು ಓದುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಜಪಸರದ ರಹಸ್ಯಗಳು, ಶಿಲುಬೆ ಹಾದಿ, ತಪಸ್ಸುಕಾಲದ ಹಾಡುಗಳು, ಉಪದೇಶಿಗಳು ಕಲಿಸಿದ ಬಾಯಿಪಾಠ, ಇವುಗಳ ಮೂಲಕವೇ ದೇವರ ವಾಕ್ಯವು ಅವರ ಹೃದಯವನ್ನು ಸೇರಿತು. ಸೇರಿದ್ದು ಅಲ್ಲಿಯೇ ನೆಲೆಯೂರಿತು. ಅವರ ವಿಶ್ವಾಸವನ್ನು ಕಿರಿದಾಗಿ ಕಾಣುವ ಮಾತು ನನ್ನ ಬಾಯಿಂದ ಬರಲಾರದು. ಆದರೆ ಅವರಿಗೆ ದೊರೆಯದ ಭಾಗ್ಯವೊಂದು ನಮಗೆ ದೊರೆತಿದೆ. ಎಪ್ಪತ್ತಮೂರು ಪುಸ್ತಕಗಳ ಆ ಮಹಾಗ್ರಂಥವು ನಮ್ಮ ಕನ್ನಡದಲ್ಲಿ, ನಮ್ಮ ಮನೆಯ ಕಪಾಟಿನಲ್ಲಿಯೇ ಇದೆ. ಮನೆ ಮಂತ್ರಿಸಲು ಹೋದಾಗಲೆಲ್ಲ ನಾನು ಅದನ್ನು ನೋಡುತ್ತೇನೆ. ತಿರುಹೃದಯದ ಪಟದ ಕೆಳಗೆ, ಹೂವಿನ ಹಾರದ ನಡುವೆ, ಅಂಗಡಿಯಿಂದ ತಂದ ದಿನದ ಪ್ಲಾಸ್ಟಿಕ್ ಹೊದಿಕೆಯೊಳಗೆ ಅದು ಭದ್ರವಾಗಿರುತ್ತದೆ! ತೆರೆದರೆ ಹೊಸ ಕಾಗದದ ವಾಸನೆ ಬರುತ್ತದೆ.

ಆದುದರಿಂದ ಈ ಸಂಜೆ ನಿಮ್ಮನ್ನು ಒಂದು ಊರಿಗೆ ಕರೆದೊಯ್ಯಬೇಕೆಂದು ನನಗೆ ಮನಸ್ಸಾಗಿದೆ. ಅದರ ಹೆಸರು ಬೆರೋಯ. ಇಂದಿನ ಗ್ರೀಸ್ ದೇಶದ ಉತ್ತರ ಭಾಗದಲ್ಲಿ, ಥೆಸಲೋನಿಕದಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಬುಡದಲ್ಲಿರುವ ಆ ಊರನ್ನು ಈಗ ವೆರಿಯ ಎಂದು ಕರೆಯುತ್ತಾರೆ. ರೋಮಿನ ವಾಗ್ಮಿ ಸಿಸೆರೊ ಅದನ್ನು ಹೆದ್ದಾರಿಗೆ ಹೊರತಾದ ಊರೆಂದು ವರ್ಣಿಸಿದ್ದಾನೆ. ಹಾಗಾದರೆ ಅದು ನಮ್ಮ ಊರಿನಂತಹುದೇ ಎಂದು ನೀವು ನಗಬಹುದು.

ಕ್ರಿ.ಶ. 50ರ ಸುಮಾರಿಗೆ ಸಂತ ಪೌಲರು ಆ ಊರಿಗೆ ಬಂದದ್ದು ಮೇಳತಾಳಗಳೊಂದಿಗಲ್ಲ. ರಾತ್ರಿಯ ಕತ್ತಲಲ್ಲಿ ತಪ್ಪಿಸಿಕೊಂಡು. ಫಿಲಿಪ್ಪಿಯಲ್ಲಿ ಅವರಿಗೂ ಸೀಲರಿಗೂ ಛಡಿಯೇಟು ಬಿದ್ದಿತ್ತು, ಸೆರೆಮನೆವಾಸವಾಗಿತ್ತು. ಥೆಸಲೋನಿಕದ ಪ್ರಾರ್ಥನಾಮಂದಿರದಲ್ಲಿ ಮೂರು ಸಬ್ಬತ್ ದಿನಗಳು ಅವರು ವಾದಿಸಿದರು: ಲೋಕೋದ್ಧಾರಕನು ಯಾತನೆಪಟ್ಟು ಪುನರುತ್ಥಾನ ಹೊಂದಬೇಕಾಗಿತ್ತು, ಆ ಉದ್ಧಾರಕನು ಯೇಸುವೇ ಎಂದು. ಕೆಲವರು ನಂಬಿದರು. ಉಳಿದವರು ಪುಂಡರನ್ನು ಕೂಡಿಸಿಕೊಂಡು, ಅತಿಥ್ಯ ನೀಡಿದ್ದ ಯಾಸೋನನ ಮನೆಗೆ ಮುತ್ತಿಗೆ ಹಾಕಿದರು. ಆ ರಾತ್ರಿಯೇ ಸಹೋದರರು ಅವರಿಬ್ಬರನ್ನು ಬೆರೋಯಕ್ಕೆ ಕಳುಹಿಸಿಕೊಟ್ಟರು. ಮೈಮೇಲಿನ ಬಾಸುಂಡೆಗಳು ಪೂರ್ತಿ ಮಾಯದಿರುವಾಗಲೇ ಪೌಲರು ಅಲ್ಲಿಯೂ ನೇರವಾಗಿ ಪ್ರಾರ್ಥನಾಮಂದಿರವನ್ನೇ ಪ್ರವೇಶಿಸಿದರು.

ಇಲ್ಲಿ ಸಂತ ಲೂಕರು ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದಲ್ಲಿ ಬರೆದಿರುವುದು ಗಮನಾರ್ಹ. ಬೆರೋಯದ ಯೆಹೂದ್ಯರು ಥೆಸಲೋನಿಕದವರಿಗಿಂತ ಉದಾತ್ತರು ಎನ್ನುತ್ತಾರೆ ಅವರು. ಮೂಲದಲ್ಲಿ ಬಳಸಿರುವ ಗ್ರೀಕ್ ಪದ 'ಯೂಗೆನೇಸ್'. ಒಳ್ಳೆಯ ಕುಲದಲ್ಲಿ ಹುಟ್ಟಿದವನು ಎಂಬುದು ಅದರ ಮೊದಲ ಅರ್ಥ. ತಮ್ಮ ಶುಭಸಂದೇಶದ ಒಂದು ಸಾಮತಿಯಲ್ಲಿ ರಾಜಪದವಿ ಪಡೆಯಲು ದೂರದೇಶಕ್ಕೆ ಹೋದ ಕುಲೀನನಿಗೂ ಲೂಕರು ಇದೇ ಪದವನ್ನು ಬಳಸಿದ್ದಾರೆ. ಆದರೆ ಬೆರೋಯದವರ ವಂಶಾವಳಿಯನ್ನು ಅವರು ಹೇಳುವುದಿಲ್ಲ. ಅವರ ಕುಲೀನತೆಗೆ ಕೊಡುವ ಕಾರಣಗಳು ಎರಡೇ: ದೇವರ ವಾಕ್ಯವನ್ನು ಅವರು ಪೂರ್ಣ ಆಸಕ್ತಿಯಿಂದ ಸ್ವೀಕರಿಸಿದರು, ಕೇಳಿದ್ದು ಹೌದೋ ಅಲ್ಲವೋ ಎಂದು ಪ್ರತಿದಿನವೂ ಶ್ರೀಗ್ರಂಥದಲ್ಲಿ ಪರಿಶೀಲಿಸಿದರು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಅಭ್ಯಾಸವಿರುವ ನಮ್ಮ ನಾಡಿನಲ್ಲಿ ಈ ವಾಕ್ಯವನ್ನು ದೇವಾಲಯದ ಬಾಗಿಲ ಮೇಲೆ ಕೆತ್ತಿಸಿದರೂ ತಪ್ಪಿಲ್ಲ.

ಪರಿಶೀಲಿಸಿದರು ಎಂಬಲ್ಲಿ ಇರುವ ಪದವು 'ಅನಾಕ್ರಿನೊ'. ಅದು ನ್ಯಾಯಸ್ಥಾನದ ಪದ. ಪಿಲಾತನು ಯೇಸುಸ್ವಾಮಿಯನ್ನು ವಿಚಾರಣೆ ಮಾಡಿದೆನೆಂದು ಜನರಿಗೆ ಹೇಳುವಾಗಲೂ, ಪೇತ್ರರು ಸೆರೆಯಿಂದ ಪಾರಾದ ಮೇಲೆ ಹೆರೋದನು ಕಾವಲುಗಾರರನ್ನು ವಿಚಾರಿಸುವಾಗಲೂ ಲೂಕರು ಬಳಸುವುದು ಇದನ್ನೇ. ಸಾಕ್ಷಿಯನ್ನು ನಿಲ್ಲಿಸಿ, ಒಂದೊಂದಾಗಿ ಕೇಳಿ, ಒಂದರೊಡನೆ ಇನ್ನೊಂದನ್ನು ಹೋಲಿಸಿ ನೋಡುವ ಕಾರ್ಯವದು. ಕಣ್ಣು ಹಾಯಿಸುವುದಲ್ಲ.

ಅದು ಅವರಿಗೆ ಸುಲಭವೂ ಆಗಿರಲಿಲ್ಲ. ಅಂದು ಮನೆಮನೆಗೆ ಗ್ರಂಥವಿರಲಿಲ್ಲ, ಪ್ರಾರ್ಥನಾಮಂದಿರದಲ್ಲಿ ಸುರುಳಿಗಳಿದ್ದವು. 1947ರಲ್ಲಿ ಮೃತಸಮುದ್ರದ ದಡದ ಗುಹೆಯೊಂದರಲ್ಲಿ ದೊರೆತ ಯೆಶಾಯನ ಸುರುಳಿಯು ಏಳು ಮೀಟರಿಗಿಂತಲೂ ಉದ್ದವಾಗಿದೆ. ಅದರಲ್ಲಿ 54 ಅಂಕಣಗಳಿವೆ. ಅಧ್ಯಾಯ, ವಚನಗಳ ಅಂಕಿಗಳಿಲ್ಲ. ನಾವಿಂದು ಕಾಣುವ ಅಧ್ಯಾಯಗಳ ವಿಭಾಗ ಹದಿಮೂರನೆಯ ಶತಮಾನದ್ದು; ಹೊಸ ಒಡಂಬಡಿಕೆಯ ವಚನಗಳಿಗೆ ಅಂಕಿ ಬಿದ್ದದ್ದು 1551ರಲ್ಲಿ. ಯಾತನೆಪಡುವ ಸೇವಕನ ಕುರಿತು ಪ್ರವಾದಿ ಎಲ್ಲಿ ನುಡಿದಿದ್ದಾನೆಂದು ಹುಡುಕಬೇಕಾದರೆ ಒಬ್ಬನು ಸುರುಳಿಯನ್ನು ಬಿಚ್ಚುತ್ತಾ, ಇನ್ನೊಬ್ಬನು ಸುತ್ತುತ್ತಾ, ಅಂಕಣದಿಂದ ಅಂಕಣಕ್ಕೆ ಹೋಗಬೇಕಿತ್ತು. ದಿನದ ಕೂಲಿ, ವ್ಯಾಪಾರ, ಅಡುಗೆ, ಮಕ್ಕಳುಮರಿಗಳ ನಡುವೆ ಅವರು ಪ್ರತಿದಿನ ಬಂದರು. ಬೆರೋಯದಲ್ಲಿ ಪೌಲರು ಒಂದು ಅದ್ಭುತವನ್ನೂ ಮಾಡಿದರೆಂದು ಲೂಕರು ಬರೆದಿಲ್ಲ. ಕುಂಟರು ನಡೆಯಲಿಲ್ಲ, ಭೂಕಂಪವಾಗಲಿಲ್ಲ. ಆದರೂ ಬಹುಮಂದಿ ನಂಬಿದರು. ಗಣ್ಯರಾದ ಗ್ರೀಕ್ ಮಹಿಳೆಯರೂ ಪುರುಷರೂ ಅವರಲ್ಲಿದ್ದರು.

ಬೆರೋಯದವರು ವಿಚಾರಣೆಗೆ ಒಳಪಡಿಸಿದ್ದು ಯಾರನ್ನು? ಪ್ರೇಷಿತ ಪೌಲರನ್ನು! ದಮಸ್ಕದ ಹಾದಿಯಲ್ಲಿ ಪ್ರಭುವನ್ನು ಕಂಡವರನ್ನು! ಪೌಲರು ಮುನಿಸಿಕೊಂಡರೆಂದು ಎಲ್ಲಿಯೂ ಇಲ್ಲ. ಲೂಕರಂತೂ ಅದನ್ನು ಅವಿಧೇಯತೆ ಎನ್ನದೆ ಕುಲೀನತೆ ಎಂದರು. ಮುಂದೆ ಪೌಲರು ಥೆಸಲೋನಿಕದ ಸಭೆಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕೆಂದು ಬುದ್ಧಿ ಹೇಳುತ್ತಾರೆ. ಅದನ್ನು ಬರೆಯುವಾಗ ಬೆರೋಯದ ನೆನಪು ಅವರಿಗೆ ಬಂದಿರಬೇಕೆಂದು ಊಹಿಸುವುದು ನನಗೆ ಇಷ್ಟ. ಬೆರೋಯದವರಿಗೆ ಬರೆದ ಪತ್ರವೊಂದು ನಮ್ಮ ಗ್ರಂಥದಲ್ಲಿ ಇಲ್ಲ.

ಪೌಲರು ಮುನಿಸಿಕೊಳ್ಳಲಿಲ್ಲ ಎಂದೆ. ನಾನು ಮುನಿಸಿಕೊಂಡಿದ್ದೆ. ಅದನ್ನು ಈ ಪೀಠದ ಮುಂದೆ ಹೇಳಿಬಿಡುವುದು ಒಳಿತು.

1991ರಲ್ಲಿ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಗುರುದೀಕ್ಷೆಯಾಗಿ ಇನ್ನೂ ಮೂರು ವರ್ಷ. ಗುರುವಾರ ಸಂಜೆಯ ಬೈಬಲ್ ಅಧ್ಯಯನ ಕೂಟಕ್ಕೆ ಹನ್ನೆರಡು ಹದಿಮೂರು ಜನ ಬರುತ್ತಿದ್ದರು. ಅವರಲ್ಲಿ ಒಬ್ಬರು ಬಡಗಿ, ನನ್ನ ತಂದೆಯ ವಯಸ್ಸಿನವರು. ಕೆಲಸದಿಂದ ನೇರವಾಗಿ ಬರುತ್ತಿದ್ದರು. ತೋಳಿನ ಮೇಲೆ ಮರದ ಹೊಟ್ಟು, ಕಿವಿಯ ಹಿಂದೆ ಮರಕ್ಕೆ ಗುರುತು ಹಾಕುವ ಚಪ್ಪಟೆ ಪೆನ್ಸಿಲ್. ಅದೇ ಪೆನ್ಸಿಲಿನಿಂದ ಬೈಬಲಿನ ಅಂಚಿನಲ್ಲಿಯೂ ಗೆರೆ ಎಳೆಯುತ್ತಿದ್ದರು. ತಪಸ್ಸುಕಾಲದ ಒಂದು ಗುರುವಾರ ಅವರು ಎದ್ದುನಿಂತು ಕೇಳಿದರು: "ಸ್ವಾಮಿ, ಮಗ್ದಲದ ಮರಿಯಮ್ಮ ವೇಶ್ಯೆಯಾಗಿದ್ದರು ಅಂತ ಭಾನುವಾರ ಪ್ರಸಂಗದಲ್ಲಿ ಹೇಳಿದಿರಿ. ನಾನು ನಾಲ್ಕೂ ಶುಭಸಂದೇಶ ನೋಡಿದೆ. ಅದು ಎಲ್ಲಿದೆ ಸ್ವಾಮಿ?"

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಆದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಗುರುಮಠದಲ್ಲಿ ವರ್ಷಗಟ್ಟಲೆ ಓದಿ ಬಂದವನಿಗೆ ನೀವು ಪಾಠ ಹೇಳುತ್ತೀರೇನು? ಉಳಿ ಬಾಚಿ ವಿಷಯ ನಿಮಗೆ ಗೊತ್ತು, ಇದು ನಮಗೆ ಬಿಡಿ" ಎಂದುಬಿಟ್ಟೆ. ನಜರೇತಿನ ಬಡಗಿಯ ಸೇವೆಗೆಂದು ದೀಕ್ಷೆ ಪಡೆದವನ ಬಾಯಲ್ಲಿ ಬಂದ ಮಾತಿದು. ಅವರು ಕುಳಿತುಕೊಂಡರು. ಬೈಬಲನ್ನು ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

ಆ ರಾತ್ರಿ ಕೋಣೆಗೆ ಹೋಗಿ ಹುಡುಕಿದೆ. ಸಿಕ್ಕಿದರೆ ಮುಂದಿನ ವಾರ ತೋರಿಸಿ ಅವರ ಬಾಯಿ ಮುಚ್ಚಿಸಬೇಕೆಂಬ ಉದ್ದೇಶದಿಂದಲೇ ಹುಡುಕಿದೆ. ಸಿಗಲಿಲ್ಲ. ಲೂಕರ 7ನೆಯ ಅಧ್ಯಾಯದಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೋಯಿಸಿದ ಪಾಪಿ ಹೆಂಗಸಿಗೆ ಹೆಸರಿಲ್ಲ. ಮಗ್ದಲದ ಮರಿಯಮ್ಮನವರ ಹೆಸರು ಬರುವುದು 8ನೆಯ ಅಧ್ಯಾಯದ ಆರಂಭದಲ್ಲಿ. ಅಲ್ಲಿರುವುದು ಆಕೆಯಿಂದ ಏಳು ದೆವ್ವಗಳು ಬಿಟ್ಟುಹೋದ ಸಂಗತಿ, ಯೇಸುವಿಗೂ ಶಿಷ್ಯರಿಗೂ ಸ್ವಂತ ಆಸ್ತಿಯಿಂದ ಉಪಚರಿಸಿದ ಸ್ತ್ರೀಯರ ಪಟ್ಟಿ. ಯೊವಾನ್ನರ 12ನೆಯ ಅಧ್ಯಾಯದಲ್ಲಿ ತೈಲ ಹಚ್ಚಿದವರು ಬೆಥಾನಿಯದ ಮರಿಯ, ಲಾಜರನ ಸೋದರಿ. ಈ ಮೂವರನ್ನೂ ಒಬ್ಬರೇ ಎಂದು 591ರಲ್ಲಿ ಒಂದು ಪ್ರಬೋಧನೆಯಲ್ಲಿ ಹೇಳಿದವರು ಮಹಾ ಗ್ರೆಗೊರಿಯವರು. ಅವರು ಸಂತರು, ಪೋಪರು. ಪಾಪಿಗಳಿಗೆ ಭರವಸೆ ನೀಡುವುದೇ ಅವರ ಉದ್ದೇಶವಾಗಿತ್ತು. ಪಶ್ಚಿಮದ ಸಭೆಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಅದೇ ಮಾತು ಉಳಿಯಿತು. 1969ರ ಆರಾಧನಾ ಪಂಚಾಂಗದ ಪರಿಷ್ಕರಣೆಯಲ್ಲಿ ಜುಲೈ 22ರ ಹಬ್ಬವನ್ನು ಮಗ್ದಲದ ಮರಿಯಮ್ಮನವರೊಬ್ಬರದೇ ಎಂದು ಸ್ಪಷ್ಟಪಡಿಸಲಾಯಿತು. ನಾನು ಪ್ರಸಂಗ ಮಾಡಿದ್ದು ಅದಾಗಿ ಇಪ್ಪತ್ತೆರಡು ವರ್ಷಗಳ ಮೇಲೆ. 2016ರಲ್ಲಿ ಪೋಪ್ ಫ್ರಾನ್ಸಿಸರ ಇಚ್ಛೆಯಂತೆ ಆ ಸ್ಮರಣೆಯು ಪ್ರೇಷಿತರ ಹಬ್ಬಗಳ ದರ್ಜೆಗೇರಿತು. ಪುನರುತ್ಥಾನದ ವಾರ್ತೆಯನ್ನು ಪ್ರೇಷಿತರಿಗೆ ಮೊದಲು ಮುಟ್ಟಿಸಿದವರಲ್ಲವೇ ಆಕೆ!

ಬಡಗಿಯವರು ಕೂಟಕ್ಕೆ ಬರುವುದನ್ನು ಬಿಡಲಿಲ್ಲ. ಆದರೆ ಬಾಗಿಲ ಬಳಿ ಕುಳಿತರು. ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಅವರೊಬ್ಬರೇ ಅಲ್ಲ, ಉಳಿದವರೂ ಕೇಳಲಿಲ್ಲ. ನಾನು ಹೇಳುವುದು, ಅವರು ತಲೆಯಾಡಿಸುವುದು. ಒಂದು ವರ್ಷದೊಳಗೆ ಕೂಟವೇ ನಿಂತುಹೋಯಿತು. ತಪ್ಪು ತಿಳಿದ ಮೇಲೂ ನಾಲ್ಕು ವರ್ಷ ನನಗೆ ಬಾಯಿ ಬರಲಿಲ್ಲ. 1995ರಲ್ಲಿ, ವರ್ಗವಾಗಿದ್ದ ಊರಿನಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗಿ, ಮನೆಯವರೆಲ್ಲರ ಎದುರಿಗೆ, "ಅಂದು ನೀವು ಹೇಳಿದ್ದೇ ಸರಿ" ಎಂದೆ. ಅವರು ನನಗೆ ಕುರ್ಚಿ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇನೂ ಹೇಳಿರಲಿಲ್ಲ ಸ್ವಾಮಿ. ಎಲ್ಲಿದೆ ಅಂತ ಕೇಳಿದ್ದೆ, ಅಷ್ಟೇ" ಎಂದರು.

ಅಷ್ಟೇ. ಬೆರೋಯದವರು ಮಾಡಿದ್ದೂ ಅಷ್ಟೇ.

ನಿಮ್ಮಲ್ಲಿ ಕೆಲವರಿಗೆ ಸಂದೇಹ ಬಂದಿರಬಹುದು: ಹೀಗೆ ಒಬ್ಬೊಬ್ಬರೂ ಪರಿಶೀಲಿಸತೊಡಗಿದರೆ ಒಬ್ಬೊಬ್ಬರದೂ ಒಂದೊಂದು ಸಭೆಯಾಗುವುದಿಲ್ಲವೇ? ಕಥೋಲಿಕರಾದ ನಾವು ಧರ್ಮಸಭೆಯ ಬೋಧನೆಯನ್ನು ಕೇಳಿ ನಡೆಯಬೇಕಾದವರಲ್ಲವೇ? ನಿಜ. ಯೆಶಾಯನ ಸುರುಳಿಯನ್ನು ರಥದಲ್ಲಿ ಕುಳಿತು ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಯು, ದಾರಿ ತೋರಿಸುವವರಿಲ್ಲದೆ ತನಗೆ ಅರ್ಥವಾಗದೆಂದು ಫಿಲಿಪ್ಪನ ಮುಂದೆ ವಿನಯದಿಂದ ಒಪ್ಪಿಕೊಂಡನು. ಬೆರೋಯದವರು ಪರಿಶೀಲಿಸಿದ್ದು ಸಹ ಒಟ್ಟಾಗಿ, ಪ್ರಾರ್ಥನಾಮಂದಿರದಲ್ಲಿ, ಪೌಲರು ಎದುರಿಗೆ ಇರುವಾಗ. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಪ್ರಕಟಣೆಯನ್ನು ಕುರಿತ ತನ್ನ ಸಂವಿಧಾನದಲ್ಲಿ, ಶ್ರೀಗ್ರಂಥದ ಬಾಗಿಲು ಸಕಲ ವಿಶ್ವಾಸಿಗಳಿಗೂ ವಿಶಾಲವಾಗಿ ತೆರೆದಿರಬೇಕೆಂದು ವಿಧಿಸಿತು. ಬರೆದವನ ಉದ್ದೇಶವೇನು, ಯಾವ ಸಾಹಿತ್ಯಪ್ರಕಾರದಲ್ಲಿ ಬರೆದನು ಎಂಬುದನ್ನು ವಿಚಾರಿಸಬೇಕೆಂದಿತು. ಅಧಿಕೃತವಾಗಿ ಅರ್ಥ ಹೇಳುವ ಹೊಣೆ ಧರ್ಮಸಭೆಯ ಬೋಧಕ ವರ್ಗದ್ದೇ ಎಂದು ಹೇಳಿದ ಅದೇ ಉಸಿರಿನಲ್ಲಿ, ಆ ವರ್ಗವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವಕ ಎಂದೂ ಹೇಳಿತು. ಗುರುಗಳಾದ ನಾವು ಈ ಎರಡನೆಯ ಮಾತನ್ನು ಮರೆಯುವುದು ಹೆಚ್ಚು.

ಇನ್ನು ಮನೆಬಾಗಿಲಿಗೆ ಬಂದು ಒಂದು ವಚನವನ್ನು ತೋರಿಸಿ ನಮ್ಮ ವಿಶ್ವಾಸವನ್ನು ಕೆಣಕುವವರ ಮಾತು. ಅವರ ಮೇಲೆ ಕೋಪಗೊಳ್ಳಬೇಡಿ. ಆ ವಚನದ ಹಿಂದಿನ ಹತ್ತು, ಮುಂದಿನ ಹತ್ತು ವಚನಗಳನ್ನು ಓದೋಣವೇ ಎಂದು ಕೇಳಿ. ಸೈತಾನನೂ ಕೀರ್ತನೆಯ ಒಂದು ತುಣುಕನ್ನೇ ಉದ್ಧರಿಸಿದನು. ಪ್ರಭುವು ಧರ್ಮೋಪದೇಶ ಕಾಂಡದ ಇನ್ನೊಂದು ವಾಕ್ಯವನ್ನು ಅದರ ಪಕ್ಕದಲ್ಲಿಟ್ಟರು. ಇದನ್ನು ಮಾಡಲು ಗುರುಮಠದ ವಿದ್ಯೆ ಬೇಕಾಗಿಲ್ಲ. ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದಿರಬೇಕು. 2019ರಲ್ಲಿ ಪೋಪ್ ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವವಾಕ್ಯದ ಭಾನುವಾರವೆಂದು ಘೋಷಿಸಿದಂದಿನಿಂದ ಗ್ರಂಥಕ್ಕೆ ಧೂಪಾರತಿ, ಮೆರವಣಿಗೆ ಎಲ್ಲವೂ ನಡೆಯುತ್ತಿವೆ. ಮೆರವಣಿಗೆ ನಮಗೆ ಚೆನ್ನಾಗಿ ಬರುತ್ತದೆ.

ಬರುವ ಗುರುವಾರದಿಂದ, ಸಂಜೆ ಆರೂವರೆಗೆ, ಜಪಸರದ ನಂತರ ಸಭಾಭವನದಲ್ಲಿ ಅಧ್ಯಯನ ಕೂಟ ಆರಂಭವಾಗುವುದು. ಲೂಕರ ಶುಭಸಂದೇಶದ 7ನೆಯ ಅಧ್ಯಾಯದ 36ನೆಯ ವಚನದಿಂದ 8ನೆಯ ಅಧ್ಯಾಯದ 3ನೆಯ ವಚನದವರೆಗೆ ಎರಡು ಸಲ ಓದಿಕೊಂಡು ಬನ್ನಿರಿ. ಓದಲು ಬಾರದ ಹಿರಿಯರಿಗೆ ಮೊಮ್ಮಕ್ಕಳು ಓದಿ ಹೇಳಲಿ. ಅವರನ್ನೂ ಜೊತೆಗೆ ಕರೆತನ್ನಿರಿ. ಈ ಸಂಜೆ ನಾನು ಹೇಳಿದುದರಲ್ಲಿ ಯಾವುದು ಎಲ್ಲಿದೆ ಎಂದು ಮೊದಲು ಅದನ್ನೇ ಕೇಳಬಹುದು. ಪೆನ್ಸಿಲುಗಳನ್ನು ನಾನು ತಂದಿಡುತ್ತೇನೆ.